ಮಡಕೆಯ ತಳ ಯಾರ ಪಾಲು

ನಮ್ಮ ಮನೆಯಲ್ಲಿ ಯಾವುದನ್ನೂ ಯಾರೂ ಇಡಿಯಾಗಿ ತಿಂದವರಲ್ಲ. ಇದು ಕೊರತೆಯ ಮಾತಲ್ಲ, ಅಭ್ಯಾಸದ ಮಾತು. ಮದುವೆಯಾದ ಹೊಸದರಲ್ಲಿ ನನ್ನ ಯಜಮಾನರು ಬೆಂಗಳೂರಿನ ದರ್ಶಿನಿಯ ಕೌಂಟರಿನಲ್ಲಿ ನಿಂತು ‘ಒಂದು ಕಾಫಿ, ಬೈ ಟೂ’ ಎಂದಾಗ ಅದರಲ್ಲಿ ಏನೋ ಪ್ರೇಮವಿದೆ ಎಂದು ತಿಳಿದಿದ್ದೆ. ಆಮೇಲೆ ಗೊತ್ತಾಯಿತು, ಅವರಿಗೆ ಸ್ನೇಹಿತರ ಜೊತೆಯೂ ಬೈ ಟೂ, ಆಫೀಸಿನ ಮೇಲಧಿಕಾರಿಯ ಜೊತೆಯೂ ಬೈ ಟೂ. ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ಸ್ಯಾನ್ ರಮೋನ್‌ಗೆ ಬಂದು ನೆಲೆಸಿ ಇಷ್ಟು ವರ್ಷವಾದರೂ ಆ ಚಟ ಬಿಟ್ಟಿಲ್ಲ. ಇಲ್ಲಿ ತೋಳಿನ ಗಾತ್ರದ ಬರಿಟೋ ಎಂಬ ರೊಟ್ಟಿಸುರುಳಿ ತಂದಿಟ್ಟರೆ ಚಾಕುವಿನಿಂದ ಎರಡು ಮಾಡಿ, ಕಣ್ಣಳತೆಯಲ್ಲೇ ದೊಡ್ಡ ತುಂಡು ಯಾವುದೆಂದು ನೋಡಿ, ಅದನ್ನು ನನ್ನ ಕಡೆ ತಳ್ಳುತ್ತಾರೆ. ಆಮೇಲೆ ನನ್ನ ತುಂಡಿನಿಂದಲೇ ತಿನ್ನುತ್ತಾರೆ. ಮಗಳದು ಇನ್ನೊಂದು ಪದ್ಧತಿ. ‘ಐ ಆಮ್ ನಾಟ್ ಹಂಗ್ರಿ’ ಎಂದು ಏನನ್ನೂ ತರಿಸಿಕೊಳ್ಳುವುದಿಲ್ಲ. ತಟ್ಟೆಗಳು ಬಂದ ಕೂಡಲೇ ಎರಡೂ ಕಡೆಯಿಂದ ತೆರಿಗೆ ವಸೂಲಿಗೆ ನಿಲ್ಲುತ್ತಾಳೆ.

ಇಡಿಯಾಗಿ ನನ್ನದು ಎನ್ನುವಂಥದ್ದು ಮನೆಯಲ್ಲಿ ಇದ್ದದ್ದು ಒಂದೇ: ತಳ ಹಿಡಿದದ್ದು. ಕಾವಲಿಗೆ ಅಂಟಿಕೊಂಡ ಮೊದಲನೆಯ ದೋಸೆ, ಉಪ್ಪಿಟ್ಟಿನ ಕೆಳಗಿನ ಕಂದು ಪದರ, ಫೋನಿನಲ್ಲಿ ಮಾತಾಡುತ್ತ ಮರೆತ ಪಾಯಸದ ತಳ. ಮೈಸೂರಿನಲ್ಲಿ ನಮ್ಮಮ್ಮ ಇವನ್ನೆಲ್ಲ ಅಡುಗೆಮನೆಯಲ್ಲಿ ನಿಂತೇ ಚಮಚದಿಂದ ಕೆರೆದು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ನಾನು ಕೈ ಚಾಚಿದರೆ, ನಿನಗೆ ಬೇಡ, ಸೀದು ಹೋಗಿದೆ ಎನ್ನುತ್ತಿದ್ದರು. ನಾನು ಅದನ್ನು ತ್ಯಾಗ ಎಂದುಕೊಂಡಿದ್ದೆ. ಮದುವೆಯಾದ ಮೇಲೆ ಆ ಪದವಿ ನನಗೆ ಬಂತು, ನಾನೂ ಅದೇ ಮುಖಭಾವದಿಂದ ಕೆರೆದುಕೊಂಡು ತಿಂದೆ. ನಿಜ ಹೇಳಬೇಕೆಂದರೆ ಅದು ಯಾವಾಗಲೂ ರುಚಿಯಾಗಿಯೇ ಇತ್ತು. ಆದರೆ ರುಚಿಯಾಗಿದೆ ಎಂದು ಹೊರಗೆ ಹೇಳಿದರೆ ಮರುದಿನದಿಂದ ಅದೂ ಬೈ ಟೂ ಆಗುತ್ತದೆ ಎಂಬ ತಿಳಿವಳಿಕೆ ನನಗಿತ್ತು, ನಮ್ಮಮ್ಮನಿಗೂ ಇದ್ದಿರಬೇಕು.

ಹೀಗಿರುವಾಗ, ತಳ ಹಿಡಿಯಲಿ ಎಂದೇ ಅನ್ನ ಮಾಡುವ, ಆ ತಳಕ್ಕಾಗಿಯೇ ಜನ ಕಾದು ಕೂರುವ ಜಾಗವೊಂದು ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿದೆ ಎಂದು ನನಗೆ ತಿಳಿದದ್ದು ಹೋದ ವರ್ಷ. ಹಲ್ಲಿನ ಡಾಕ್ಟರ ಕ್ಲಿನಿಕ್ಕು, ಉಗುರಿಗೆ ಬಣ್ಣ ಹಚ್ಚುವ ಸಲೂನು, ಮಕ್ಕಳ ಗಣಿತದ ಟ್ಯೂಷನ್ನು, ಇವುಗಳ ನಡುವೆ ಸಿಕ್ಕಿಕೊಂಡಿರುವ ಒಂದು ಸಣ್ಣ ಚೀನೀ ಹೋಟೆಲು. ಬುಧವಾರ ನನಗೆ ಮನೆಯಿಂದಲೇ ಆಫೀಸು. ಯಜಮಾನರು ಅವತ್ತು ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿಗೆ ಹೋಗಲೇಬೇಕು, ಮಗಳು ಸ್ಕೂಲಿಗೆ. ಮಧ್ಯಾಹ್ನ ಒಂದು ಮೀಟಿಂಗು ರದ್ದಾಗಿ, ಮೊಸರನ್ನ ತಿನ್ನಲು ಮನಸ್ಸಿಲ್ಲದೆ, ಸುಮ್ಮನೆ ಒಳಗೆ ಹೋಗಿ ಕೂತೆ.

ಹೋಟೆಲಿನ ಯಜಮಾನಿ ನನ್ನದೇ ವಯಸ್ಸಿನವರು. ಹೂವಿನ ಏಪ್ರನ್ನು, ಕೂದಲಿಗೆ ಪೆನ್ಸಿಲು ಸಿಕ್ಕಿಸಿದ ಗಂಟು. ಮಾಂಸ ಬೇಡ, ಸಾಸೇಜು ಬೇಡ, ಮೀನಿನ ಸಾಸೂ ಬೇಡ ಎಂದು ನಾನು ಹೇಳುತ್ತ ಹೋದಂತೆ ಅವರ ಮುಖ ಇಳಿಯುತ್ತ ಹೋಯಿತು. ಕೊನೆಗೆ ಅಣಬೆ, ಟೋಫು, ಶುಂಠಿ, ಎಳೆ ಸೊಪ್ಪು ಎಂಬಲ್ಲಿಗೆ ನಾವಿಬ್ಬರೂ ರಾಜಿಯಾದೆವು. ಅರ್ಧ ಗಂಟೆ ಆಗುತ್ತದೆ ಎಂದರು. ಭತ್ತವನ್ನು ಇನ್ನು ಮೇಲೆ ಬಿತ್ತುತ್ತಾರೇನೋ ಎಂದುಕೊಂಡು ಕಾದೆ. ಬಂತು: ಮರದ ಹಲಗೆಯ ಮೇಲೆ ಮುಚ್ಚಳದ ಒಂದು ಮಣ್ಣಿನ ಮಡಕೆ, ಒಳಗೆ ಚಟಪಟ ಸದ್ದು. ನಾನು ನಮ್ಮೂರ ಕ್ರಮದಂತೆ ಮುಚ್ಚಳ ತೆಗೆದವಳೇ ಚಮಚ ತಳಕ್ಕೆ ತೂರಿಸಿ, ಮೇಲಿನದು ಕೆಳಗೆ, ಕೆಳಗಿನದು ಮೇಲೆ, ಬಿಸಿಬೇಳೆಭಾತು ಕಲಸುವ ಹಾಗೆ ಗಸಗಸ ಕಲಸಿಬಿಟ್ಟೆ. ತಲೆ ಎತ್ತಿದರೆ ಯಜಮಾನಿ ಕೌಂಟರಿನ ಹಿಂದೆ ಎದೆಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು. ರಂಗೋಲಿಯ ಮೇಲೆ ಯಾರೋ ಸೈಕಲ್ ಓಡಿಸಿದಾಗ ನಿಲ್ಲುತ್ತೇವಲ್ಲ, ಹಾಗೆ.

ಮುಂದಿನ ಸಲ ಅವರೇ ಬಂದು ಕಲಿಸಿದರು. ಮೊದಲು ಈ ಸಿಹಿಗಪ್ಪು ಸೋಯಾ ಸಾಸನ್ನು ಅಂಚಿನ ಸುತ್ತ ಸುರಿ. ಮುಚ್ಚು. ಸುಮ್ಮನಿರು. ಆಮೇಲೆ ಮೇಲಿನದನ್ನಷ್ಟೇ ಬಟ್ಟಲಿಗೆ ಹಾಕಿಕೊಂಡು ತಿನ್ನು. ತಳ ಮುಟ್ಟಬೇಡ. ನೀನು ಮೇಲಿನದನ್ನು ತಿನ್ನುವಷ್ಟು ಹೊತ್ತೂ ಮಡಕೆಯ ಕಾವಿಗೆ ತಳ ಗಟ್ಟಿಯಾಗುತ್ತಿರುತ್ತದೆ, ಕೊನೆಗೆ ತಾನೇ ಎದ್ದು ಬರುತ್ತದೆ. ಎದ್ದು ಬಂತು. ಹೊಂಬಣ್ಣದ, ಮಡಕೆಯದೇ ಆಕಾರದ, ಹಪ್ಪಳಕ್ಕಿಂತ ದಪ್ಪ, ಚಕ್ಕುಲಿಗಿಂತ ತೆಳು. ಕಡಿದರೆ ಕಟ್ ಎಂದಿತು. ಸೀದ ಅನ್ನವೇ, ಆದರೆ ಹದವಾಗಿ ಸೀದದ್ದು. ನಮ್ಮಮ್ಮ ಅಷ್ಟು ವರ್ಷ ನಿಂತುಕೊಂಡು ತಿಂದದ್ದನ್ನು ನಾನು ಕುರ್ಚಿಯ ಮೇಲೆ ಕೂತು, ಪೇಪರ್ ನ್ಯಾಪ್ಕಿನ್ ಹಾಸಿಕೊಂಡು ತಿಂದೆ.

ಅಲ್ಲಿಂದ ಬುಧವಾರ ನನ್ನದಾಯಿತು. ಮನೆಯಲ್ಲಿ ಹೇಳಲಿಲ್ಲ. ಹೇಳಬಾರದೆಂದೇನೂ ಇರಲಿಲ್ಲ, ಆದರೆ ಹೇಳಿದರೆ ಶನಿವಾರ ಮೂರು ಜನ ಹೋಗಿ ಒಂದು ಮಡಕೆ ತರಿಸುತ್ತೇವೆ, ತಳ ಮೂರು ಚೂರಾಗುತ್ತದೆ ಎಂಬ ಚಿತ್ರ ಕಣ್ಣ ಮುಂದೆ ಬರುತ್ತಿತ್ತು. ಲೋಕದಲ್ಲಿ ಒಂದೇ ಒಂದು ವಸ್ತುವನ್ನು, ಮುಚ್ಚಳದಿಂದ ತಳದವರೆಗೆ, ನಾನೊಬ್ಬಳೇ ತಿನ್ನಬೇಕು. ಇದು ದೊಡ್ಡ ಆಸೆಯಲ್ಲ. ಆದರೆ ಈ ವಯಸ್ಸಿನಲ್ಲಿ ಸಣ್ಣ ಆಸೆಗಳ ಮೇಲೆಯೇ ಹಟ ಜಾಸ್ತಿ.

ನಾನು ಹೇಳಹೊರಟಿರುವುದು ಒಂದು ಬುಧವಾರದ ವಿಷಯ. ಚಳಿ ಇತ್ತು, ಬೆಟ್ಟದ ಕಡೆಯಿಂದ ಗಾಳಿ ಬರುತ್ತಿತ್ತು. ಗೋಡೆಯ ಪಕ್ಕದ ನನ್ನ ಟೇಬಲ್ಲು ಖಾಲಿ ಇತ್ತು. ಯಜಮಾನಿ ನನ್ನನ್ನು ಕಂಡವರೇ ಒಳಗೆ ಹೋಗಿ ಮಡಕೆ ಒಲೆಯ ಮೇಲಿಟ್ಟರು. ಈಗ ಕೇಳುವುದೂ ಇಲ್ಲ. ಅಡುಗೆಮನೆಯ ಕಿಂಡಿಯಿಂದ ಸಾಲಾಗಿ ಕೂತ ಮಡಕೆಗಳು ಕಾಣುತ್ತವೆ. ಅವರ ಗಂಡ ಇಕ್ಕಳದಿಂದ ಒಂದೊಂದನ್ನೂ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ, ಓರೆ ಮಾಡಿ ಬೆಂಕಿಗೆ ಪಕ್ಕೆ ತೋರಿಸುತ್ತ ನಿಂತಿರುತ್ತಾರೆ, ಮಗುವನ್ನು ಬಿಸಿಲಿಗೆ ಕಾಯಿಸುವಂತೆ. ನಾನು ಫೋನನ್ನು ಕೈಚೀಲದಲ್ಲಿ ಹಾಕಿ, ಚಹಾ ಕುಡಿಯುತ್ತ ಆ ತಿರುಗಾಟವನ್ನೇ ನೋಡುತ್ತಿದ್ದೆ. ಕಾಯುವುದೂ ಇಡಿಯಾಗಿ ನನ್ನದೇ.

ಮಡಕೆ ಬಂತು. ಸಾಸು ಸುರಿದೆ, ಚುಯ್ ಎಂದಿತು. ಮುಚ್ಚಿದೆ. ಅಷ್ಟರಲ್ಲಿ ಬಾಗಿಲ ಗಂಟೆ ಟಿಣ್ ಎಂದಿತು. ನೋಡಿದರೆ, ಇಳಕಲ್ ಸೀರೆಯ ಮೇಲೆ ಮೊಮ್ಮಗನ ಸ್ಕೂಲಿನ ದೊಡ್ಡ ಜಾಕೆಟ್ಟು, ಕಾಲಿಗೆ ಬಿಳಿ ಶೂ, ಕೈಯಲ್ಲಿ ಸ್ಟೀಲಿನ ಫ್ಲಾಸ್ಕು. ಅವ್ವ.

ಅವ್ವ ಎಂದರೆ ನಮ್ಮ ಅವ್ವ ಅಲ್ಲ. ನಮ್ಮ ಪಕ್ಕದ ಬೀದಿಯ ಧಾರವಾಡದವರ ಮನೆಯ ಹಿರಿಯರು, ಮಗ ಸೊಸೆಯ ಜೊತೆ ಇಲ್ಲೇ ಇರುವವರು. ಮಗ ಅವ್ವಾ ಎನ್ನುತ್ತಾನೆ, ಹಾಗಾಗಿ ಸುತ್ತಲಿನ ಕನ್ನಡದ ಮನೆಗಳಿಗೆಲ್ಲ ಅವರು ಅವ್ವನೇ. ಎಲ್ಲರ ಹಬ್ಬದಲ್ಲೂ ಕಾಣುತ್ತಾರೆ, ಯಾರ ಪಾಯಸದಲ್ಲಿ ಏಲಕ್ಕಿ ಹೆಚ್ಚಾಗಿದೆ ಎಂದು ಅವರೆದುರಿಗೇ ಹೇಳುತ್ತಾರೆ. ಅವ್ವ ನೇರ ಕೌಂಟರಿಗೆ ಹೋಗಿ, ಫ್ಲಾಸ್ಕಿನ ಬಿರಡೆ ತೆಗೆದು, ಬಿಸಿ ನೀರು ಎಂದು ಕನ್ನಡದಲ್ಲೇ ಕೇಳಿದರು. ಯಜಮಾನಿಗೆ ಅದು ಅರ್ಥವಾದದ್ದು ನನಗೆ ಆಶ್ಚರ್ಯವೆನಿಸಲಿಲ್ಲ. ಈ ದೇಶದಲ್ಲಿ ಬೇರೆಲ್ಲಿ ನೀರು ಕೇಳಿದರೂ ಐಸು ಸುರಿದು ಕೊಡುತ್ತಾರೆ, ಕುದಿಯುವ ನೀರನ್ನು ಕುಡಿಯುವ ನೀರೆಂದು ನಂಬುವವರು ನಾವೂ ಚೀನೀಯರೂ ಇಬ್ಬರೇ.

ಫ್ಲಾಸ್ಕು ತುಂಬುವಷ್ಟರಲ್ಲಿ ಅವ್ವನ ಕಣ್ಣು ಹೋಟೆಲನ್ನು ಒಂದು ಸುತ್ತು ಹಾಕಿ ನನ್ನ ಮೇಲೆ ನಿಂತಿತು.

“ಏನವಾ, ಒಬ್ಬಾಕೀನ ಕುಂತೀಯಲ್ಲ?”

ಪಕ್ಕದ ಕ್ಲಿನಿಕ್ಕಿಗೆ ಬಂದಿದ್ದಾರಂತೆ. ಕೆಳಗಿನ ಹಲ್ಲುಗಳನ್ನೆಲ್ಲ ತೆಗೆದಾಗಿದೆ, ಕಟ್ಟಿಸುವ ಹಲ್ಲಿಗೆ ಅಳತೆ ಕೊಡಬೇಕು. ಸೊಸೆ ಅವರನ್ನು ಇಳಿಸಿ ಗ್ರೋಸರಿಗೆ ಹೋಗಿದ್ದಾಳೆ, ಡಾಕ್ಟರು ಇನ್ನೂ ಕರೆದಿಲ್ಲ, ಗಂಟಲು ಒಣಗಿತು. ಇಷ್ಟನ್ನೂ ಅವರು ಹೇಳುವಾಗ ನನ್ನ ಕೈ ಮುಚ್ಚಳದ ಮೇಲಿತ್ತು, ಒಳಗಿನ ಸದ್ದು ಇಳಿಯುತ್ತಿತ್ತು, ತೆಗೆಯುವ ಹೊತ್ತಾಗಿತ್ತು. ಎದುರಿಗೆ ಹಿರಿಯರು ನಿಂತಿರುವಾಗ ಬಟ್ಟಲಿಗೆ ಅನ್ನ ಹಾಕಿಕೊಳ್ಳುವುದು ಹೇಗೆ? ಬಾಯಿ ತನ್ನಷ್ಟಕ್ಕೆ ತಾನೇ ಹೇಳಿತು.

“ಬನ್ನಿ ಅವ್ವಾ, ಊಟ ಮಾಡಿ.”

ಇಲ್ಲಿ ಸ್ವಲ್ಪ ವಿವರಿಸಬೇಕು. ನಮ್ಮ ಮೈಸೂರಿನ ಕಡೆ ಈ ಮಾತಿಗೆ ಒಂದು ಉತ್ತರವಿದೆ. ‘ಅಯ್ಯೋ, ಈಗ ತಾನೇ ಆಯ್ತು, ನೀವು ಮಾಡಿ.’ ಎರಡು ದಿನ ಉಪವಾಸವಿದ್ದರೂ ಅದೇ ಉತ್ತರ. ಆಮೇಲೆ ನಾವು ‘ಸ್ವಲ್ಪನಾದ್ರೂ’ ಎನ್ನಬೇಕು, ಅವರು ‘ಬೇಡಿ ಬೇಡಿ’ ಎನ್ನಬೇಕು, ಇಬ್ಬರಿಗೂ ಸಮಾಧಾನವಾಗಿ, ಊಟ ಊಟದವರದೇ ಆಗಿ ಉಳಿಯಬೇಕು. ಈ ಒಪ್ಪಂದದ ಮೇಲೆ ನಮ್ಮ ಅಜ್ಜಿಯರ ಕಾಲದಿಂದ ಸಂಸಾರಗಳು ನಡೆದಿವೆ. ಆದರೆ ಧಾರವಾಡದ ಕಡೆ ಈ ಒಪ್ಪಂದಕ್ಕೆ ಯಾರೂ ಸಹಿ ಹಾಕಿಲ್ಲ. ಅಲ್ಲಿ ಕರೆದರೆಂದರೆ ಕರೆದರು. ಕರೆದ ಮೇಲೆ ಬಾರದಿದ್ದರೆ ಕರೆದವರಿಗೆ ಅವಮಾನ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಬಾಯಿಗೆ ಗೊತ್ತಿರಲಿಲ್ಲ.

“ಕರದಿಯಲ್ಲ, ಬಂದೆ ತಗೋ,” ಎಂದು ಅವ್ವ ಎದುರಿನ ಕುರ್ಚಿ ಎಳೆದುಕೊಂಡರು.

ಯಜಮಾನಿ ಇನ್ನೊಂದು ಬಟ್ಟಲು, ಇನ್ನೊಂದು ಚಮಚ ತಂದಿಟ್ಟರು. ಅಷ್ಟು ಬುಧವಾರ ನಾನೊಬ್ಬಳೇ ಬರುವುದನ್ನು ಕಂಡು ಅವರಿಗೆ ಒಳಗೊಳಗೇ ಕನಿಕರ ಇತ್ತೋ ಏನೋ, ಅವತ್ತು ಅವರ ಮುಖ ಬೆಳಗಿತು. ಕೊನೆಗೂ ಇವಳಿಗೆ ಯಾರೋ ಇದ್ದಾರೆ!

ಅವ್ವ ಮಡಕೆಯನ್ನು ಬಗ್ಗಿ ನೋಡಿದರು, ಮೂಸಿದರು. “ಗಡಿಗ್ಯಾಗ ಅನ್ನ ಮಾಡ್ಯಾರಲ್ಲ! ಕೋಳಿ ಗೀಳಿ ಇಲ್ಲಲ್ಲ ಇದರಾಗ?” ಇಲ್ಲ ಎಂದೆ. ಪಕ್ಕದ ಟೇಬಲ್ಲಿನ ಮಡಕೆಯಲ್ಲಿ ಏನಿದೆ ಎಂಬುದು ಕಣ್ಣಿಗೆ ಕಾಣುತ್ತಲೇ ಇತ್ತು. ಅವ್ವ ಅದನ್ನೊಮ್ಮೆ ನೋಡಿ, ನಮ್ಮ ಗಡಿಗಿಯಲ್ಲಿ ಇಲ್ಲದಿದ್ದರೆ ಆಯಿತು ಎಂದು ಕುರ್ಚಿಯನ್ನು ಅತ್ತ ಬೆನ್ನಾಗುವಂತೆ ತಿರುಗಿಸಿಕೊಂಡರು.

ನಾನು ಬಡಿಸಿದೆ. ಬಡಿಸುವಾಗ ಚಮಚವನ್ನು ಎಷ್ಟು ಮೇಲುಮೇಲೆ ಓಡಿಸಿದೆ ಎಂದರೆ, ಹಾಲಿನ ಕೆನೆ ತೆಗೆಯುವವರೂ ಅಷ್ಟು ಹುಷಾರಾಗಿರುವುದಿಲ್ಲ. ಅಣಬೆ ಹಾಕಿದೆ, ಟೋಫು ಪೂರ್ತಿ ಅವರಿಗೇ ಹಾಕಿದೆ. ನನ್ನ ಲೆಕ್ಕ ಸರಳ: ಮೇಲಿನದು ಹೋದರೆ ಹೋಗಲಿ, ತಳ ಉಳಿಯಲಿ. ಅವ್ವ ಟೋಫುವನ್ನು ಇದೇನು ಪನೀರಿನ ತಮ್ಮನೇ ಎಂದು ಕೇಳಿ, ವಸಡಿನಿಂದಲೇ ಅರೆದು ನುಂಗಿದರು. ಸಪ್ಪೆ ಎಂದರು. ಜಾಕೆಟ್ಟಿನ ಜೇಬಿನಿಂದ ಸಣ್ಣ ಡಬ್ಬಿ ತೆಗೆದರು, ಅದರಲ್ಲಿ ಶೇಂಗಾ ಚಟ್ನಿಪುಡಿ. ತಮ್ಮ ಬಟ್ಟಲಿಗೆ ಹಾಕಿಕೊಂಡು, ಕೇಳದೆ ನನ್ನ ಬಟ್ಟಲಿಗೂ ಹಾಕಿದರು. ಸೋಯಾ ಸಾಸಿನ ಅನ್ನಕ್ಕೆ ಶೇಂಗಾ ಪುಡಿ. ಹೇಳಬಾರದು, ಚೆನ್ನಾಗಿತ್ತು.

ತಿನ್ನುತ್ತ ತಿನ್ನುತ್ತ ನನಗೆ ಒಂದು ವಿಷಯ ಹೊಳೆದು ಎದೆ ಹಗುರವಾಯಿತು. ಅವ್ವನಿಗೆ ಕೆಳಗಿನ ಹಲ್ಲೇ ಇಲ್ಲ! ತಳವನ್ನು ಅವರು ತಿನ್ನುವುದಾದರೂ ಹೇಗೆ? ನಾನು ಕರೆಯಬಹುದು, ಬಡಿಸಲು ಮುಂದಾಗಬಹುದು, ‘ಸ್ವಲ್ಪನಾದ್ರೂ’ ಎನ್ನಬಹುದು, ಅವರು ಬೇಡ ಎನ್ನಲೇಬೇಕು. ಉಪಚಾರವೂ ಉಳಿಯಿತು, ತಳವೂ ಉಳಿಯಿತು. ಇಂಥ ಸಂತೋಷ ಒಳ್ಳೆಯದಲ್ಲ ಎಂದು ಆಗಲೇ ತಿಳಿಯಬೇಕಿತ್ತು.

ಮೇಲಿನ ಅನ್ನ ಮುಗಿಯಿತು. ಮಡಕೆಯಲ್ಲಿ ತಳ ಒಂದೇ, ಅಂಚಿನಿಂದ ಬಿಟ್ಟುಕೊಂಡು, ಹೊಳೆಯುತ್ತ ಕೂತಿತ್ತು. ಅಷ್ಟರಲ್ಲಿ ಕೈಚೀಲದಲ್ಲಿ ಫೋನು. ಯಜಮಾನರು. ಅವರು ಲ್ಯಾಬಿನಿಂದ ಫೋನು ಮಾಡುವವರೇ ಅಲ್ಲ. ಗಾಬರಿಯಾಗಿ ಹೊರಗೆ ಹೋಗಿ ತೆಗೆದೆ. ಮೊಸರನ್ನದ ಡಬ್ಬಿಯಲ್ಲಿ ಬರಿಯ ಅನ್ನ ಇದೆ, ಮೊಸರು ಎಲ್ಲಿ ಎಂದರು. ಪಕ್ಕದಲ್ಲಿ ಸಣ್ಣ ಡಬ್ಬಿಯಲ್ಲಿ ಬೇರೆ ಇಟ್ಟಿದ್ದೇನೆ, ಹುಳಿಯಾಗಬಾರದೆಂದು, ಎಂದೆ. ಆ ಡಬ್ಬಿ ಕಾಣುತ್ತಿಲ್ಲ ಎಂದರು. ಹಸಿರು ಮುಚ್ಚಳದ್ದು ಎಂದೆ. ಓ, ಅದು ಚಟ್ನಿ ಅಂದುಕೊಂಡು ಜೊತೆಯವರಿಗೆ ಕೊಟ್ಟೆನಲ್ಲ ಎಂದರು. ಆಮೇಲೆ, ಎಲ್ಲಿದೀಯ, ಗಾಳಿ ಸದ್ದು ಬರ್ತಿದೆ ಎಂದರು. ಗ್ರೋಸರಿಗೆ ಬಂದೆ ಎಂದೆ. ಹಾಗಾದರೆ ಬಾಳೆಹಣ್ಣು ತಗೋ ಎಂದರು.

ಒಳಗೆ ಬಂದರೆ ಅವ್ವ ಫ್ಲಾಸ್ಕಿಗೆ ಬಿರಡೆ ತಿರುಗಿಸುತ್ತಿದ್ದರು. ಮಡಕೆಯಿಂದ ಹಬೆ ಏಳುತ್ತಿತ್ತು. ಏಳಬಾರದಿತ್ತು. ಬಗ್ಗಿ ನೋಡಿದೆ. ತಳದ ಮೇಲೆ, ಅಂಚಿನವರೆಗೆ, ಕುದಿಯುವ ನೀರು.

“ತಳಾ ಹತ್ತೇತವಾ,” ಎಂದರು ಅವ್ವ. “ನೆನೀಲಿ ಅಂತ ನೀರ ಹಾಕೀನಿ. ಹಂಗ ಬಿಟ್ರ ತಿಕ್ಕೋರಿಗೆ ಭಾಳ ತ್ರಾಸ.”

ನಾನು ಕೂತೆ. ನಿಂತಿದ್ದರೆ ಏನಾದರೂ ಅಂದುಬಿಡುತ್ತಿದ್ದೆ. ಪರರ ಮನೆಯಲ್ಲಿ ಉಂಡರೂ ಪಾತ್ರೆ ತಿಕ್ಕುವವರ ಬಗ್ಗೆ ಯೋಚಿಸುವ ಹೆಂಗಸಿಗೆ ಏನು ಹೇಳುವುದು? ಅದೇ ಮಾತನ್ನು ನಾನು ಮಗಳಿಗೆ ಈ ಹದಿನೈದು ವರ್ಷ ಹೇಳುತ್ತ ಬಂದಿದ್ದೇನೆ, ಅವಳು ಕೇಳಿಲ್ಲ. ಕೇಳಿದವರು ಸಿಕ್ಕಿದ್ದು ಇಲ್ಲಿ.

ಯಜಮಾನಿ ನಮ್ಮ ಕಡೆಯೇ ಬರುತ್ತಿದ್ದರು. ಮಡಕೆಯೊಳಗೆ ನೋಡಿ ಗಕ್ಕನೆ ನಿಂತರು. ನಾನು ಮೊದಲ ಸಲ ಕಲಸಿದಾಗಿನ ಆ ಮುಖ ಮತ್ತೆ ಬರುತ್ತದೆ ಎಂದು ಕಾದೆ. ಬರಲಿಲ್ಲ. ಅವರು ನಕ್ಕರು, ಬಾಯಿ ತುಂಬ ನಕ್ಕರು. ಅಡುಗೆಮನೆಯ ಕಿಂಡಿಗೆ ತಿರುಗಿ ಗಂಡನಿಗೆ ಏನೋ ಕೂಗಿ ಹೇಳಿದರು, ಅವರೂ ಇಕ್ಕಳ ಹಿಡಿದುಕೊಂಡೇ ಬಗ್ಗಿ ನೋಡಿದರು. ನನಗೆ ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: ಅವರ ತಾಯಿಗೂ ಕೊನೆಕೊನೆಗೆ ಹಲ್ಲಿರಲಿಲ್ಲ. ತಳದ ಮೇಲೆ ಬಿಸಿ ಚಹಾ ಸುರಿದು, ನೆನೆಸಿ, ಕೆರೆದು ಕುಡಿಯುತ್ತಿದ್ದರು. ಇಲ್ಲಿಗೆ ಬರುವ ಹುಡುಗ ಹುಡುಗಿಯರಿಗೆ ಅದು ಗೊತ್ತೇ ಇಲ್ಲ. ಈ ಅಜ್ಜಿಗೆ ಗೊತ್ತಿದೆ.

ಈ ಅಜ್ಜಿ ಪಾತ್ರೆ ನೆನೆಹಾಕಿದ್ದಾರೆ ಅಷ್ಟೇ ಎಂದು ಹೇಳಲು ನನಗೆ ಮನಸ್ಸಾಗಲಿಲ್ಲ. ಯಜಮಾನಿ ತಾವೇ ಚಮಚ ತೆಗೆದುಕೊಂಡು ಮಡಕೆಯ ಸುತ್ತ ಕೆರೆದರು. ತಳ ಎದ್ದು, ಮುರಿದು, ನೀರಿನಲ್ಲಿ ತೇಲಿತು. ಎರಡು ಬಟ್ಟಲಿಗೆ ಸರಿಯಾಗಿ, ಒಂದು ಹನಿ ಹೆಚ್ಚುಕಡಿಮೆಯಿಲ್ಲದೆ ಹಂಚಿದರು. ಬೈ ಟೂ! ನನ್ನ ಹಣೆಯಲ್ಲಿ ಬರೆದದ್ದು ಸ್ಯಾನ್ ರಮೋನ್‌ನಲ್ಲೂ ತಪ್ಪಲಿಲ್ಲ, ಚೀನೀ ಹೋಟೆಲಿನಲ್ಲೂ ತಪ್ಪಲಿಲ್ಲ.

ಕುಡಿದೆ. ಕಂದು ಬಣ್ಣದ ಗಂಜಿ, ಸುಟ್ಟ ವಾಸನೆ, ಶುಂಠಿ, ತಳದಲ್ಲಿ ಇನ್ನೂ ಅರೆಬರೆ ಗಟ್ಟಿಯಾಗಿರುವ ಅನ್ನದ ಚೂರುಗಳು. ಚೆನ್ನಾಗಿಯೇ ಇತ್ತು. ಅದನ್ನು ಕುಡಿದು ನನ್ನ ಸಿಟ್ಟು ಇಳಿಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ಬೇಕಿದ್ದುದು ಕಟ್ ಎನ್ನುವಂಥದ್ದು. ಇದು ಸೊರ್ ಎನ್ನುತ್ತಿತ್ತು.

ಅವ್ವ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಕುಡಿದು ಕೆಳಗಿಟ್ಟು ನನ್ನನ್ನೇ ನೋಡಿದರು.

“ನೀ ತಳಕ್ಕ ಕಾಯಾಕತ್ತಿದ್ದೆ ಏನು?”

“ಇಲ್ಲಪ್ಪ,” ಎಂದೆ. “ಅದೇನು ಮಹಾ. ಹೀಗೇ ಚೆನ್ನಾಗಿದೆ.”

“ಬಾಯಾಗ ಒಂದು, ಹೊಟ್ಟ್ಯಾಗ ಒಂದು. ಮೈಸೂರವ್ರು ನೋಡು ನೀವು.” ಅವ್ವನ ದನಿಯಲ್ಲಿ ಸಿಟ್ಟಿರಲಿಲ್ಲ, ನನ್ನ ಪಾಯಸದ ಏಲಕ್ಕಿಯ ಬಗ್ಗೆ ಹೇಳಿದ ದನಿಯೇ. “ಬೇಕಾದ್ರ ಬೇಕು ಅನ್ನಬೇಕವಾ. ಕರೀಬಾರ್ದು ಅನಸಿದ್ರ ಕರೀಬಾರ್ದು. ನೀ ಕರದಿ, ನಾ ಬಂದೆ. ತಪ್ಪು ಯಾರ್ದು?”

ಉತ್ತರ ಹೇಳುವಷ್ಟರಲ್ಲಿ ಕ್ಲಿನಿಕ್ಕಿನ ಹುಡುಗಿ ಗಾಜಿನಾಚೆಯಿಂದ ಕೈ ಬೀಸಿದಳು. ಅವ್ವ ಎದ್ದು, ಫ್ಲಾಸ್ಕು ಹಿಡಿದು, ಯಜಮಾನಿಗೆ ಕೈ ಮುಗಿದು ಹೋದರು. ನಾನು ಬಾಳೆಹಣ್ಣು ತೆಗೆದುಕೊಂಡು ಮನೆಗೆ ಬಂದೆ. ರಾತ್ರಿ ಊಟಕ್ಕೆ ಕೂತಾಗ ಮಗಳು ಬಾಳೆಹಣ್ಣನ್ನು ಸುಲಿದು ಅರ್ಧ ಮುರಿದು ನನ್ನ ತಟ್ಟೆಯಲ್ಲಿಟ್ಟಳು. ನನಗೆ ಪೂರ್ತಿ ಬೇಕು ಎಂದೆ. ಇಬ್ಬರೂ ನನ್ನ ಮುಖ ನೋಡಿದರು. ಯಜಮಾನರು, ಹುಷಾರಿಲ್ಲವಾ ಎಂದು ಕೇಳಿದರು.

ಆಮೇಲೆ ಕೆಲವು ಬುಧವಾರ ಹೋಗಲಾಗಲಿಲ್ಲ. ಆಫೀಸಿನಲ್ಲಿ ಏನೋ ಗಡುವು, ಮಗಳಿಗೆ ಜ್ವರ. ಹೋಗುವ ಹಾಗಾದಾಗ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿ, ಮೊದಲು ಧಾರವಾಡದವರ ಬೂದು ಬಣ್ಣದ ವ್ಯಾನು ಎಲ್ಲಾದರೂ ಇದೆಯೇ ಎಂದು ಕಳ್ಳಿಯ ಹಾಗೆ ಸುತ್ತ ನೋಡಿದೆ. ಇರಲಿಲ್ಲ. ಧೈರ್ಯವಾಗಿ ಬಾಗಿಲು ತಳ್ಳಿದೆ. ಟಿಣ್.

ಗೋಡೆಯ ಪಕ್ಕದ ನನ್ನ ಟೇಬಲ್ಲಿನಲ್ಲಿ ಅವ್ವ ಕೂತಿದ್ದರು. ಎದುರಿಗೆ ಮಡಕೆ. ಫ್ಲಾಸ್ಕು ಕಾಣಲಿಲ್ಲ. ಎದುರಿನ ಕುರ್ಚಿಯ ಮೇಲೆ ಯಾರೂ ಕೂರದಂತೆ ಆ ದೊಡ್ಡ ಜಾಕೆಟ್ಟನ್ನು ಹರಡಿದ್ದರು. ನನ್ನನ್ನು ಕಂಡು ಬಾಯಿ ತೆರೆದು ನಕ್ಕರು. ಮೇಲೂ ಕೆಳಗೂ ಸಾಲಾಗಿ, ಬೆಳ್ಳಗೆ, ಮುತ್ತು ಪೋಣಿಸಿದ ಹಾಗೆ ಹಲ್ಲು.

ಹಲ್ಲು ಬಂದು ಕೆಲವು ದಿನವಾಗಿದೆಯಂತೆ. ಇವತ್ತು ಎಲ್ಲಿ ಒತ್ತುತ್ತದೆ ಎಂದು ಡಾಕ್ಟರು ನೋಡಿ ಸರಿಮಾಡಿದ್ದಾರೆ. ಗಟ್ಟಿಯದ್ದು ಏನೂ ತಿನ್ನಬಾರದು, ಮೆತ್ತಗಿನದನ್ನೇ ತಿನ್ನಿ ಎಂದು ಸೊಸೆಯ ಮುಂದೆಯೇ ಹೇಳಿದ್ದಾರೆ. ಸೊಸೆ ಗ್ರೋಸರಿಗೆ ಹೋದ ಕೂಡಲೇ ಅವ್ವ ಇಲ್ಲಿಗೆ ಬಂದು, ಕಿಂಡಿಯಲ್ಲಿ ಕಾಣುವ ಮಡಕೆಯತ್ತ ಬೆರಳು ತೋರಿಸಿದ್ದಾರೆ. ಯಜಮಾನಿ ನೆನಪಿಟ್ಟುಕೊಂಡು ಅದೇ ಅಣಬೆ, ಅದೇ ಟೋಫು.

“ಡಾಕ್ಟರ್ ಮೆತ್ತಂದ ತಿನ್ನು ಅಂದಾನ,” ಎಂದರು ಅವ್ವ. “ಅನ್ನ ಮೆತ್ತಗ ಇರತೈತಲ್ಲ.”

ಆದರೆ ಮಡಕೆಯಲ್ಲಿ ಮೆತ್ತಗಿನದು ಆಗಲೇ ಖಾಲಿಯಾಗಿತ್ತು. ತಳ ಮಾತ್ರ ಹೊಳೆಯುತ್ತಿತ್ತು. ನಾನು ಅದನ್ನು ನೋಡಿದೆ. ನಾನು ನೋಡಿದ್ದನ್ನು ಅವ್ವ ನೋಡಿದರು, ಮುಚ್ಚಳವನ್ನು ಮೆಲ್ಲಗೆ ಮಡಕೆಯ ಮೇಲೆ ಎಳೆದರು.

“ಇವತ್ತ ನಾ ಕರ್ಯಂಗಿಲ್ಲವಾ.”

ನನ್ನ ಬಾಯಿಗೆ ಅಭ್ಯಾಸದ ಮಾತು ಬಂದೇ ಬಿಟ್ಟಿತ್ತು: ಅಯ್ಯೋ, ಪರವಾಗಿಲ್ಲ, ನಂದು ಈಗ ತಾನೇ ಆಯ್ತು, ಸುಮ್ಮನೆ ಈ ಕಡೆ ಬಂದೆ. ಅದನ್ನು ಹೇಳಿದ್ದರೆ ಅವ್ವ ನಂಬುತ್ತಿದ್ದರು, ನಾನು ಹಸಿದುಕೊಂಡು ಮನೆಗೆ ಹೋಗಬೇಕಾಗುತ್ತಿತ್ತು. ಆ ಮಾತನ್ನು ನುಂಗಿದೆ. ಸುಲಭವಾಗಿರಲಿಲ್ಲ.

“ನಾನೂ ಕರೆಯಲ್ಲ ಅವ್ವಾ,” ಎಂದೆ. “ಹಸಿವಾಗಿದೆ. ನನಗೆ ಒಂದು ಪೂರ್ತಿ ಮಡಕೆ ಬೇಕು.”

“ಶಾಣ್ಯಾಕಿ ಆದಿ,” ಎಂದರು ಅವ್ವ. “ಆ ಟೇಬಲ್ಲಿಗೆ ಕುಂಡ್ರು ಹೋಗು.”

ಹೋಗಿ ಕೂತೆ. ಅವ್ವನ ಬೆನ್ನಿಗೆ ನನ್ನ ಬೆನ್ನು. ಯಜಮಾನಿ ಚಹಾ ತಂದವರು ನನ್ನನ್ನೂ ಅವ್ವನನ್ನೂ ನೋಡಿ, ಜಗಳವೇ ಎಂದು ಪಿಸುಗುಟ್ಟಿ ಕೇಳಿದರು. ಇಲ್ಲ, ಇಬ್ಬರಿಗೂ ಹಸಿವು ಎಂದೆ. ಅವರು ಅರ್ಥವಾಗದೆ ಒಳಗೆ ಹೋದರು. ಹಿಂದಿನಿಂದ ಕಟ್ ಎಂಬ ಸದ್ದು ಬಂತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಅವ್ವ ಅವಸರ ಮಾಡುತ್ತಿರಲಿಲ್ಲ. ನಾನು ಕಾದೆ. ಕಿಂಡಿಯಲ್ಲಿ ನನ್ನ ಮಡಕೆ ಇಷ್ಟಿಷ್ಟೇ ತಿರುಗುತ್ತಿತ್ತು.

ಬಂತು. ಸುರಿದೆ, ಮುಚ್ಚಿದೆ, ತೆಗೆದೆ. ಬಿಸಿ ಅನ್ನ, ಅಣಬೆ, ಸೊಪ್ಪು, ಎಲ್ಲವನ್ನೂ ನಿಧಾನವಾಗಿ, ಯಾರಿಗೂ ಬಡಿಸದೆ ತಿಂದೆ. ಚಟ್ನಿಪುಡಿ ಇದ್ದಿದ್ದರೆ ಎನ್ನಿಸಿತು. ಕೇಳಲಿಲ್ಲ. ಕೇಳಿದರೆ ಮಡಕೆಗಳ ನಡುವೆ ಹೋಗಿಬರುವುದು ಶುರುವಾಗುತ್ತದೆ. ಕೊನೆಗೆ ಚಮಚ ಅಂಚಿಗೆ ಕೊಟ್ಟು ಮೆಲ್ಲನೆ ಮೀಟಿದೆ. ತಳ ಇಡಿಯಾಗಿ ಎದ್ದು ಬಂತು.

“ಹೆಂಗ ಬಂದೈತಿ ತಳಾ?” ಬೆನ್ನ ಹಿಂದಿನಿಂದ ಕೇಳಿತು.

“ಚೆನ್ನಾಗಿ ಬಂದಿದೆ ಅವ್ವಾ.”

“ಹೇಳು ಸಾಕು. ತೋರಸಬ್ಯಾಡ.”

ಇನ್ನೂ ಅರ್ಧ ತಿಂದಿರಲಿಲ್ಲ, ಬಾಗಿಲು ಟಿಣ್ ಎಂದು ಅವ್ವನ ಸೊಸೆ ಬಂದಳು. ಕೈಯಲ್ಲಿ ಕಾರಿನ ಕೀ, ಮುಖದಲ್ಲಿ ಹುಡುಕಿ ಹುಡುಕಿ ಆದ ಸುಸ್ತು. ನನ್ನನ್ನು ಕಂಡು ನಕ್ಕಳು, ಅತ್ತೆಯ ಕಡೆ ತಿರುಗಿದಳು. ಅತ್ತೀ, ಗಟ್ಟೀದು ಏನಾರ ತಿಂದ್ರೇನು ಎಂದು ಕೇಳಿದಳು. ಅವ್ವನ ಮಡಕೆ ತೊಳೆದಿಟ್ಟಷ್ಟು ಖಾಲಿ. ಸೆರಗಿನ ಮೇಲೆ ಸೋಯಾ ಸಾಸಿನ ಒಂದು ಕಂದು ಚುಕ್ಕೆ.

“ಎಲ್ಲೀದವಾ,” ಎಂದರು ಅವ್ವ, ನಮ್ಮ ಮೈಸೂರಿನ ಯಾವ ಸೋದರತ್ತೆಗೂ ಕಡಿಮೆಯಿಲ್ಲದ ನಯದಿಂದ. “ಬಿಸಿನೀರ ಕುಡಕೋತ ಕುಂತಿದ್ದೆ. ಬೇಕಾದ್ರ ಈಕೀನ ಕೇಳು.”

ಸೊಸೆ ನನ್ನ ಕಡೆ ನೋಡಿದಳು. ನನ್ನ ಬಾಯಿ ತುಂಬ ತಳ ಇತ್ತು. ಹೌದು ಎನ್ನಬೇಕಾದರೂ ಅಗಿಯಬೇಕು, ಅಗಿದರೆ ಕಟ್ ಎನ್ನುತ್ತದೆ. ಕೆನ್ನೆ ಉಬ್ಬಿಸಿಕೊಂಡೇ ತಲೆ ಆಡಿಸಿದೆ. ಅವರಿಬ್ಬರೂ ಬಾಗಿಲು ದಾಟಿ, ಅವ್ವ ವ್ಯಾನು ಹತ್ತಿ, ಬಾಗಿಲು ಹಾಕಿಕೊಳ್ಳುವವರೆಗೂ ದವಡೆ ಅಲ್ಲಾಡಿಸದೆ ಕೂತಿದ್ದೆ. ಆಮೇಲೆ ಕಡಿದೆ.